ಮಳೆ ಬಿದ್ದ ಮೇಲೊಮ್ಮೆ ಬಂದು ನೋಡಿ: ಬಯಲುಸೀಮೆಯ ಜಮೀನುಗಳ ಪರವಾಗಿ ಒಂದು ಬಹಿರಂಗ ಪತ್ರ

ರಾಜ್ಯ ಮಟ್ಟದ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರದ ಅಧ್ಯಕ್ಷರಿಗೆ, ಸದಸ್ಯರಿಗೆ, ಕಂದಾಯ ಇಲಾಖೆಯ ಅಧಿಕಾರಿಗಳಿಗೆ, ಹಾಗೂ ತುಮಕೂರು, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರ, ಬಳ್ಳಾರಿ, ಕೊಪ್ಪಳದ ಕಡೆ ಜಮೀನು ಇಟ್ಟುಕೊಂಡಿರುವ, ಕೊಳ್ಳುತ್ತಿರುವ, ಲೇಔಟ್ ಮಾಡುತ್ತಿರುವ ಎಲ್ಲರಿಗೆ,

ಮಾನ್ಯರೆ,

ಜಮೀನಿನ ಉದ್ದಗಲಕ್ಕೂ ನಡೆದು, ಅಲ್ಲಿ ಯಾವ ಹುಲ್ಲು ಬೆಳೆಯುತ್ತದೆ, ಯಾವ ಹಕ್ಕಿ ಮೊಟ್ಟೆಯಿಡುತ್ತದೆ, ಯಾವ ಪ್ರಾಣಿ ಯಾವ ದಾರಿಯಲ್ಲಿ ಹಾದುಹೋಗುತ್ತದೆ ಎಂದು ಬರೆದುಕೊಡುವುದು ನನ್ನ ಕೆಲಸ. ರೈತರು ಕರೆದರೂ ಹೋಗುತ್ತೇನೆ, ಲೇಔಟ್ ಮಾಡುವವರು ಕರೆದರೂ ಹೋಗುತ್ತೇನೆ. ಮನೆ ಕಟ್ಟಬೇಡಿ, ಕರೆಂಟು ಉತ್ಪಾದಿಸಬೇಡಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ನನ್ನ ಕೋರಿಕೆ ಒಂದೇ. ಬಯಲುಸೀಮೆಯ ನೆಲವನ್ನು ಮಳೆಗಾಲದಲ್ಲಿ ಒಮ್ಮೆಯಾದರೂ ಕಣ್ಣಾರೆ ನೋಡದೆ ಅದರ ಹಣೆಬರಹ ಬರೆಯಬೇಡಿ.

ಇಷ್ಟು ಸಣ್ಣ ಮಾತಿಗೆ ಬಹಿರಂಗ ಪತ್ರ ಯಾಕೆ ಎಂದು ಕೇಳಬಹುದು. ನಿಯಮವೇ ಮಳೆಗಾಲವನ್ನು ಬಿಟ್ಟುಬಿಡಲು ಹೇಳುತ್ತದೆ, ಅದಕ್ಕೆ. ಗಣಿ ಯೋಜನೆಗಳ ಪರಿಸರ ಅಧ್ಯಯನಕ್ಕೆ ಕೇಂದ್ರ ಪರಿಸರ ಸಚಿವಾಲಯ ಕೊಡುವ ಮಾದರಿ ಸೂಚನೆಯಲ್ಲಿ ಒಂದು ಸಾಲಿದೆ: ಗಾಳಿ, ನೀರು, ಶಬ್ದ, ಮಣ್ಣು, ಸಸ್ಯ, ಪ್ರಾಣಿ ಇವುಗಳ ಮೂಲ ಮಾಹಿತಿಯನ್ನು ಮಳೆಗಾಲ ಬಿಟ್ಟು ಬೇರೆ ಯಾವುದಾದರೂ ಒಂದು ಋತುವಿನಲ್ಲಿ ಸಂಗ್ರಹಿಸಬೇಕು. ಗಾಳಿಯ ದೂಳು ಅಳೆಯುವುದಕ್ಕೆ ಇದು ಸರಿಯಾದ ಮಾತು. ಮಳೆ ಬಂದರೆ ದೂಳು ಅಡಗುತ್ತದೆ, ಒಣ ದಿನಗಳಲ್ಲಿ ಅಳೆದರೇ ಕೆಟ್ಟ ಸ್ಥಿತಿ ಗೊತ್ತಾಗುತ್ತದೆ. ಆದರೆ ಅದೇ ಸಾಲಿಗೆ ಗಿಡವನ್ನೂ ಪ್ರಾಣಿಯನ್ನೂ ಸೇರಿಸಿಬಿಟ್ಟಿದ್ದಾರೆ. ವರ್ಷದ ಮಳೆಯೆಲ್ಲ ಕೆಲವೇ ತಿಂಗಳಲ್ಲಿ ಸುರಿದು ಹೋಗುವ ನಮ್ಮ ಕಡೆ, ಜೀವಗಳು ಹುಟ್ಟುವುದು, ಮರಿ ಮಾಡುವುದು, ಹೂ ಬಿಡುವುದು, ಬೀಜ ಕಟ್ಟುವುದು ಬಹುಪಾಲು ಆ ತಿಂಗಳುಗಳಲ್ಲೇ. ಅದನ್ನು ಬಿಟ್ಟು ಸಮೀಕ್ಷೆ ಮಾಡುವುದೆಂದರೆ ಊರಿಗೆ ಊರೇ ಜಾತ್ರೆಗೆ ಹೋದ ದಿನ ಜನಗಣತಿ ಮಾಡಿ ಇಲ್ಲಿ ಯಾರೂ ಇಲ್ಲ ಎಂದು ಬರೆದ ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. 2020ರಲ್ಲಿ ವಿಜ್ಞಾನಿಗಳು ಬೆಂಗಳೂರಿನ ಹೊರವಲಯದ ಬರಡು ನೆಲದಲ್ಲಿ ಒಂದು ಹೊಸ ಜಾತಿಯ ಕಪ್ಪೆಯನ್ನು ಗುರುತಿಸಿ ಅದಕ್ಕೆ ಸ್ಫೀರೋಥೀಕ ಬೆಂಗಳೂರು ಎಂದು ನಮ್ಮ ರಾಜಧಾನಿಯ ಹೆಸರನ್ನೇ ಇಟ್ಟರು. ಈ ಗುಂಪಿನ ಕಪ್ಪೆಗಳು ವರ್ಷದ ಹೆಚ್ಚು ಕಾಲ ಮಣ್ಣಿನೊಳಗೆ ಇರುತ್ತವೆ. ಹಿಂಗಾಲಿನ ಅಡಿಯಲ್ಲಿ ಸಲಿಕೆಯಂಥ ಗಟ್ಟಿ ಗಂಟು ಇರುತ್ತದೆ. ಅದರಿಂದ ಮಣ್ಣು ಕೆದರುತ್ತಾ ಹಿಂದು ಹಿಂದಕ್ಕೆ ಇಳಿದು ಮರೆಯಾಗುತ್ತವೆ. ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ಗೋಮಾಳದ ಅಂಚಿಗೆ ಹೋಗಿ ನಿಂತರೆ, ಹಗಲೆಲ್ಲ ಕಲ್ಲು ಮಣ್ಣು ಬಿಟ್ಟು ಏನೂ ಕಾಣದಿದ್ದ ತಗ್ಗಿನಲ್ಲಿ ಕಪ್ಪೆಗಳ ಕೂಗು ಕಿವಿಗಡಚಿಕ್ಕುತ್ತದೆ. ಗಂಡುಗಳು ಗಂಟಲು ಉಬ್ಬಿಸಿ ಕೂಗುತ್ತವೆ, ಹೆಣ್ಣುಗಳು ಬರುತ್ತವೆ, ಬೆಳಗಾಗುವುದರೊಳಗೆ ಮೊಣಕಾಲುದ್ದವೂ ಇರದ ಆ ನೀರಿನಲ್ಲಿ ಮೊಟ್ಟೆಗಳು ತೇಲುತ್ತಿರುತ್ತವೆ. ಆ ನೀರು ಬತ್ತುವುದರೊಳಗೆ ಗೊದಮೊಟ್ಟೆಗೆ ಕಾಲು ಮೂಡಬೇಕು. ಮೂಡದಿದ್ದರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು. ಇಂಥ ತಗ್ಗು ಜನವರಿಯಲ್ಲಿ ಬಂದ ಸಮೀಕ್ಷಕನಿಗೆ ಮಣ್ಣು ತುಂಬಿಸಿ ಮಟ್ಟ ಮಾಡಬೇಕಾದ ಗುಂಡಿಯಾಗಿ ಮಾತ್ರ ಕಾಣುತ್ತದೆ. ಹಾಗಂತ ಅವನು ಸುಳ್ಳು ಬರೆದನೆಂದಲ್ಲ, ಅವನು ಬಂದ ದಿನ ಅಲ್ಲಿ ಕಂಡಿದ್ದೇ ಅಷ್ಟು.

ಮಳೆಗಾಲವೊಂದನ್ನೇ ನೋಡಿದರೆ ಸಾಕು ಎನ್ನುತ್ತಿಲ್ಲ. ಹಳದಿ ಟಿಟ್ಟಿಭವನ್ನು ತೆಗೆದುಕೊಳ್ಳಿ. ಕೆರೆಯ ಬದಿಯಲ್ಲಿ ಕೂಗುತ್ತಾ ಹಾರಾಡುವ ಕೆಂಪು ಟಿಟ್ಟಿಭ ಎಲ್ಲರಿಗೂ ಗೊತ್ತು. ಅದರ ಈ ತಂಗಿಗೆ ಒಣ ಬಯಲೇ ಬೇಕು. ಬೇಸಿಗೆ ಏರುತ್ತಿರುವಾಗ, ಮಾರ್ಚಿನಿಂದಾಚೆಗೆ, ಬರೀ ನೆಲದಲ್ಲಿ ಅಂಗೈಯಷ್ಟು ಕೆದರಿ, ಸುತ್ತ ನಾಲ್ಕು ಹರಳು ಸೇರಿಸಿ ಮೊಟ್ಟೆಯಿಡುತ್ತದೆ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮೊನಚಾದ ತುದಿಗಳು ಒಳಮುಖವಾಗಿ, ಹೂವಿನ ಎಸಳು ಜೋಡಿಸಿದ ಹಾಗೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆ ಇರುವುದರಿಂದ ಒಂದು ಮಾರು ದೂರ ನಿಂತು ದಿಟ್ಟಿಸಿದರೂ ಕಲ್ಲು ಯಾವುದು ಮೊಟ್ಟೆ ಯಾವುದು ಎಂದು ತಿಳಿಯುವುದಿಲ್ಲ. ಬಿಸಿಲು ವಿಪರೀತವಾದರೆ ತಾಯಿ ಹಕ್ಕಿ ಹತ್ತಿರದ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಜೆಸಿಬಿ ಇಳಿದು ನೆಲ ಮಟ್ಟ ಮಾಡುವುದೂ ಇದೇ ತಿಂಗಳುಗಳಲ್ಲೇ, ಮಳೆಗೆ ಮುಂಚೆ ಕೆಲಸ ಮುಗಿಸಬೇಕೆಂದು. ಇನ್ನು ಚಳಿಗಾಲಕ್ಕೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹ್ಯಾರಿಯರ್ ಗಿಡುಗಗಳು ಬರುತ್ತವೆ. ಹಗಲು ಬಯಲಿನ ಮೇಲೆ ನೆಲಕ್ಕೆ ಹತ್ತಿರದಲ್ಲೇ ಹಾರುತ್ತಾ ಮಿಡತೆ, ಇಲಿ ಹಿಡಿಯುತ್ತವೆ. ರಾತ್ರಿ ಮರದ ಮೇಲೆ ಮಲಗದೆ ಎತ್ತರದ ಹುಲ್ಲಿನೊಳಗೆ ನೆಲದ ಮೇಲೇ ಒಟ್ಟಾಗಿ ತಂಗುತ್ತವೆ. ಸಂಜೆ ಐದೂವರೆಯಿಂದ ಕತ್ತಲಾಗುವವರೆಗೆ ಕಾದು ಕೂರದವರ ಪಟ್ಟಿಗೆ ಅವು ಸೇರುವುದೇ ಇಲ್ಲ.

ಮಧುಗಿರಿ ಕಡೆಯ ಒಬ್ಬ ಕುರಿಗಾಹಿ ಯಜಮಾನರು ಬಿರುಬೇಸಿಗೆಯಲ್ಲಿ ನಾನು ನೋಟ್‌ಬುಕ್ ಹಿಡಿದು ತಿರುಗುವುದನ್ನು ಕಂಡು, "ಏನ್ ಸ್ವಾಮಿ, ಒಣಗಿದ್ ಮ್ಯಾಲ್ ಬಂದು ಏನ್ ನೋಡ್ತೀರ? ಮಳೆ ಬಿದ್ದು ಹದಿನೈದ್ ದಿನಕ್ಕೆ ಬರ್ರಿ, ಆಗ ತೋರಿಸ್ತೀನಿ" ಎಂದಿದ್ದರು. ತೋಳ ಯಾವ ಗುಡ್ಡದ ಸಂದಿಯಲ್ಲಿ ಮರಿ ಹಾಕುತ್ತದೆ, ನರಿ ಯಾವ ಹುತ್ತದ ಬುಡದಲ್ಲಿ ಬಿಲ ತೋಡುತ್ತದೆ, ಯಾವ ಹಾಸುಬಂಡೆಯ ದೊಣೆಯಲ್ಲಿ ಶಿವರಾತ್ರಿವರೆಗೂ ನೀರು ನಿಲ್ಲುತ್ತದೆ, ಇದೆಲ್ಲ ಅವರಿಗೆ ಬಾಯಿಪಾಠ. ಪರಿಸರ ವರದಿಗಳ ಯಾವ ಪುಟದಲ್ಲೂ ಇಂಥವರ ಮಾತು ದಾಖಲಾದದ್ದನ್ನು ನಾನು ಕಂಡಿಲ್ಲ.

ನಮ್ಮ ಆಡಳಿತದ ಕಣ್ಣಿಗೆ ಮರ ಇದ್ದರೆ ಅದು ಪ್ರಕೃತಿ, ಮರ ಇಲ್ಲದಿದ್ದರೆ ಪಾಳು. ಈ ನಂಬಿಕೆ ಏನು ಮಾಡಬಲ್ಲದು ಎಂಬುದಕ್ಕೆ ರಾಣೆಬೆನ್ನೂರು ಸಾಕ್ಷಿ. 1974ರಲ್ಲಿ ಅಲ್ಲಿ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯೂ ಅಲ್ಲಿತ್ತು. ಮೀಟರ್ ಎತ್ತರ ನಿಲ್ಲುವ ಆ ಭಾರೀ ಹಕ್ಕಿಗೆ ದೂರದವರೆಗೂ ಕಣ್ಣು ಹಾಯುವ ಬಯಲು ಬೇಕು. ಆ ಅಭಯಾರಣ್ಯದ ಬಹುಭಾಗ ನೀಲಗಿರಿ ನೆಡುತೋಪಾಯಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡು ಉಳಿಯಿತು, ಬಸ್ಟರ್ಡ್ ಉಳಿಯಲಿಲ್ಲ. ಈಗ ರಾಜ್ಯದಲ್ಲಿ ಆ ಹಕ್ಕಿಯ ಹೆಸರು ಕೇಳಿಬರುವುದು ಬಳ್ಳಾರಿಯ ಸಿರುಗುಪ್ಪ ಕಡೆ ಮಾತ್ರ, ಅದೂ ಬೆರಳೆಣಿಕೆಯಲ್ಲಿ. ಅಲ್ಲಿ ಗಿಡ ನೆಟ್ಟವರು ಯಾರೂ ಹಕ್ಕಿಯನ್ನು ಓಡಿಸಬೇಕೆಂದು ನೆಡಲಿಲ್ಲ. ಹಸಿರು ಮಾಡುತ್ತಿದ್ದೇವೆ ಎಂದೇ ನಂಬಿದ್ದರು. ಜಮೀನಿನಲ್ಲಿ ಮೊದಲೇ ಏನಿದೆ ಎಂದು ತಿಳಿಯದೆ ಮಾಡಿದ ಒಳ್ಳೆಯ ಕೆಲಸವೂ ಹೀಗೆ ಹಾಳು ಮಾಡುತ್ತದೆ.

ಎಂ. ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಎಂಬ ವಿಜ್ಞಾನಿಗಳು ದೇಶದ ಒಣ ಪ್ರದೇಶಗಳ ಇಂಥ ತೆರೆದ ನೈಸರ್ಗಿಕ ಬಯಲುಗಳ ನಕ್ಷೆ ಮಾಡಿ ಪ್ರಕಟಿಸಿದ್ದಾರೆ. ಹುಲ್ಲುಗಾವಲು, ಕುರುಚಲು, ಬಂಡೆಬಯಲು, ಕೊರಕಲು ಎಲ್ಲ ಸೇರಿ ದೇಶದ ನೆಲದ ಸುಮಾರು ಶೇ 10ರಷ್ಟಿದೆ. ಅದರಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ರಕ್ಷಣೆಯೊಳಗೆ ಇರುವುದು ಶೇ 5ಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಬಹಳಷ್ಟು ಗೋಮಾಳ, ಕಾವಲು, ಖರಾಬು, ರೈತರ ಬೀಳು ಜಮೀನು. ಅರಣ್ಯ ಇಲಾಖೆಯ ಕೈಗೆ ಸಿಗದ ಈ ನೆಲದ ಭವಿಷ್ಯ ತಹಶೀಲ್ದಾರರ ಕಚೇರಿಯಲ್ಲಿ, ಜಿಲ್ಲಾಧಿಕಾರಿಗಳ ಮೇಜಿನ ಮೇಲೆ, ಡೆವಲಪರ್‌ಗಳ ನಕ್ಷೆಯ ಹಾಳೆಯಲ್ಲಿ ತೀರ್ಮಾನವಾಗುತ್ತದೆ. ಹಾಗಾಗಿ ಈ ಪತ್ರ ನಿಮಗೆ.

ಚಳ್ಳಕೆರೆ ನೆನಪಿರಬಹುದು. ಅಮೃತಮಹಲ್ ದನಗಳ ಮೇವಿಗೆಂದು ಬಿಟ್ಟಿದ್ದ ಕಾವಲು ಸೇರಿದಂತೆ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುವಿಜ್ಞಾನದ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಲಾಯಿತು. ಕುರಿ ಮೇಯಿಸುವವರಿಗೆ, ಆ ಕುರಿಯ ಉಣ್ಣೆಯಿಂದ ಕಂಬಳಿ ನೇಯುವವರಿಗೆ ಗೋಡೆ ಏಳತೊಡಗಿದ ಮೇಲೆ ವಿಷಯ ಗೊತ್ತಾಯಿತು. ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ದೇಶಕ್ಕೆ ಆ ಸಂಸ್ಥೆಗಳು ಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿ ಬೇಡ. ಹಂಚುವ ಮೊದಲೇ ನಾಲ್ಕು ಋತು ನೋಡಿ, ಯಾವ ಭಾಗ ಮುಟ್ಟಬಾರದು ಎಂದು ಗುರುತು ಹಾಕಿದ್ದರೆ ಅದೇ ಸಂಸ್ಥೆಗಳು ಅದೇ ತಾಲ್ಲೂಕಿನಲ್ಲಿ ಇಷ್ಟು ಜಗಳವಿಲ್ಲದೆ ನೆಲೆಯೂರಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಪಾವಗಡದ್ದು ಬೇರೆ ಕಥೆ. 2,050 ಮೆಗಾವಾಟ್ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದೆ. ರೈತರಿಂದ ಜಮೀನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಬರದಿಂದ ಬೇಸತ್ತಿದ್ದ ಕುಟುಂಬಗಳಿಗೆ ಅದು ಆಸರೆಯಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾವ ಯೋಜನೆಗೆ ಪರಿಸರ ಅನುಮತಿ ಬೇಕು ಎಂದು ಹೇಳುವ 2006ರ ಪರಿಸರ ಅಧಿಸೂಚನೆಯ ವ್ಯಾಪ್ತಿಗೇ ಸೌರ ವಿದ್ಯುತ್ ಸ್ಥಾವರಗಳು ಬರುವುದಿಲ್ಲ. ಗಾಳಿಯಂತ್ರಗಳೂ ಅಷ್ಟೇ. ಹೊಗೆ ಬಿಡದ ಉದ್ಯಮ ಎಂದು ಬಿಟ್ಟಿದ್ದಾರೆ, ಸರಿ. ಆದರೆ 13,000 ಎಕರೆಯಲ್ಲಿ ಯಾವ ಜೀವ ಇತ್ತು ಎಂದು ಯಾರೂ ಬರೆದಿಡಬೇಕಾಗಿಲ್ಲ ಎಂದಾಯಿತಲ್ಲ? ಅಲ್ಲಿಂದ ಸ್ವಲ್ಪ ದೂರದ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶವಿದೆ, 798 ಎಕರೆ. ಕೃಷ್ಣಮೃಗಕ್ಕೆ ಮೀಸಲಿನ ಗಡಿಕಲ್ಲು ಗೊತ್ತಿಲ್ಲ. ಸುತ್ತಲಿನ ಕಡಲೆಕಾಯಿ ಹೊಲ, ಬೀಳು, ಗೋಮಾಳ ಎಲ್ಲ ಸೇರಿದರೇ ಅದರ ಬದುಕು.

ಈಗ ಲೇಔಟಿನ ವಿಷಯಕ್ಕೆ ಬರುತ್ತೇನೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ, ಅಥವಾ ಬಡಾವಣೆ 50 ಹೆಕ್ಟೇರ್ ಆದರೆ ಪರಿಸರ ಅನುಮತಿ ಬೇಕು. 50 ಹೆಕ್ಟೇರ್ ಅಂದರೆ 123 ಎಕರೆಗೂ ಹೆಚ್ಚು. ನಮ್ಮ ಸುತ್ತಮುತ್ತ ಏಳುತ್ತಿರುವ ಸೈಟುಗಳ ಬಡಾವಣೆಗಳಲ್ಲಿ ಅಷ್ಟು ದೊಡ್ಡವು ಎಷ್ಟು? ಹತ್ತು ಎಕರೆ ಇಲ್ಲಿ, ಇಪ್ಪತ್ತು ಎಕರೆ ಅಲ್ಲಿ ಎಂದು ಬರುವ ಬಡಾವಣೆಗೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ, ನಂತರ ನಕ್ಷೆ ಮಂಜೂರಾತಿ. ನೆಲದ ಮೇಲೆ ಏನಿದೆ ಎಂದು ಕೇಳುವವರು ಈ ದಾರಿಯಲ್ಲಿ ಯಾರೂ ಸಿಗುವುದಿಲ್ಲ. ಗುಂಟೆ ಲೆಕ್ಕದಲ್ಲಿ ಮಾರುವ ಫಾರ್ಮ್ ಪ್ಲಾಟುಗಳಿಗಂತೂ ಕಾಗದದಲ್ಲಿ ಅದು ಕೃಷಿ ಜಮೀನಾಗಿಯೇ ಉಳಿಯುವುದರಿಂದ ಪರಿವರ್ತನೆಯ ಪ್ರಶ್ನೆಯೂ ಬರುವುದಿಲ್ಲ. ಗುಡ್ಡ ಸವರಿ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಸುತ್ತ ಪ್ರೀಕಾಸ್ಟ್ ಗೋಡೆ ಎಬ್ಬಿಸಿ, ಶ್ರೀಗಂಧ, ಅವಕಾಡೊ ನೆಟ್ಟು ಪ್ರಕೃತಿಯ ಮಡಿಲಲ್ಲಿ ಎಂದು ಜಾಹೀರಾತು ಹಾಕುತ್ತಾರೆ.

ಅನುಮತಿ ಬೇಕಾದ ದೊಡ್ಡ ಕಟ್ಟಡ ಯೋಜನೆಗಳಲ್ಲೂ ಜೀವಿಗಳ ಪಾಲಿಗೆ ಸಿಗುವುದು ಫಾರಂ 1ಎ ಎಂಬ ಪ್ರಶ್ನಾವಳಿಯ ಕೆಲವು ಸಾಲು. ಯೋಜನೆಯಿಂದ ಜೀವವೈವಿಧ್ಯಕ್ಕೆ ಅಪಾಯವಿದೆಯೇ, ಪ್ರಾಣಿಗಳು ನೆಲೆ ತಪ್ಪುತ್ತವೆಯೇ, ಅವುಗಳ ಓಡಾಟಕ್ಕೆ ಅಡ್ಡಿಯಾಗುತ್ತದೆಯೇ. ಒಳ್ಳೆಯ ಪ್ರಶ್ನೆಗಳೇ. ಆದರೆ ಇಲ್ಲ ಎಂದು ಒಂದು ಪದ ಬರೆದವರಿಗೆ, ಹೇಗೆ ಗೊತ್ತಾಯಿತು, ಯಾವ ತಿಂಗಳು ನೋಡಿದಿರಿ, ಯಾರು ನೋಡಿದರು ಎಂದು ಮರುಪ್ರಶ್ನೆ ಬೀಳುವುದಿಲ್ಲ. ಈ ಬಗೆಯ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದಲೂ ವಿನಾಯಿತಿ ಇದೆ. ಹಾಗಾಗಿ ಊರವರು ಎದ್ದು ನಿಂತು ನಮ್ಮ ಹಳ್ಳದಲ್ಲಿ ಇಂಥದ್ದಿದೆ ಎಂದು ಹೇಳುವ ಅವಕಾಶವೂ ಇಲ್ಲ. ನನಗೆ ಓದಲು ಸಿಕ್ಕಿದ ಒಂದು ವರದಿಯಲ್ಲಿ, ಜಾಲಿ ಮತ್ತು ಕಾರೆ ಬಿಟ್ಟು ಬೇರೆ ಮರವೇ ಇಲ್ಲದ ಒಣ ಜಮೀನಿನ ಪ್ರಾಣಿಪಟ್ಟಿಯಲ್ಲಿ ಮಲೆನಾಡಿನ ಕೆಂಜಳಿಲು ಇತ್ತು. ಎಲ್ಲಿಂದಲೋ ಎತ್ತಿ ಅಂಟಿಸಿದ ಪಟ್ಟಿ. ಅದೇ ಜಮೀನಿನಲ್ಲಿ ದಿನವೂ ಕಾಣುವ ಬುರ್ಲಿ, ಗೌಜಲಹಕ್ಕಿ ಅದರಲ್ಲಿರಲಿಲ್ಲ. ಬಹಳ ನೋವಾಯಿತು. ವರದಿ ಬರೆಸಿದವರು ಹಣ ಕೊಟ್ಟಿದ್ದರು, ಓದಬೇಕಾದವರು ಓದಿರಲಿಲ್ಲ.

ಇಂಗ್ಲೆಂಡಿನಲ್ಲಿ 2024ರ ಫೆಬ್ರುವರಿಯಿಂದ ದೊಡ್ಡ ಕಟ್ಟಡ ಯೋಜನೆಗಳಿಗೆ ಒಂದು ಕಡ್ಡಾಯ ಬಂದಿದೆ. ಜಮೀನಿನಲ್ಲಿ ಮೊದಲಿದ್ದ ಜೀವನೆಲೆಯನ್ನು ಅಳೆದು, ಕೆಲಸ ಮುಗಿದ ಮೇಲೆ ಅದಕ್ಕಿಂತ ಶೇ 10ರಷ್ಟು ಹೆಚ್ಚು ಮಾಡಿ ತೋರಿಸಬೇಕು, 30 ವರ್ಷ ಕಾಪಾಡಬೇಕು. ಆ ಲೆಕ್ಕದ ಕೋಷ್ಟಕ ನಮ್ಮ ನೆಲಕ್ಕೆ ಹೊಂದುವುದಿಲ್ಲ, ತಂದು ಅಂಟಿಸಿಕೊಳ್ಳುವುದೂ ಬೇಡ. ಆದರೆ ಅಲ್ಲಿ ಪ್ರತಿ ಜೀವಿಯ ಸಮೀಕ್ಷೆಗೂ ಒಂದು ತಿಂಗಳ ಪಟ್ಟಿ ಇದೆ. ವಸಂತದಲ್ಲಿ ಕೊಳಕ್ಕೆ ಬರುವ ಜೀವಿಯನ್ನು ಚಳಿಗಾಲದಲ್ಲಿ ಹುಡುಕಿ ಇಲ್ಲ ಎಂದರೆ ಆ ವರದಿಯನ್ನು ಒಪ್ಪುವುದಿಲ್ಲ. ಇಷ್ಟನ್ನು ನಾವೂ ಮಾಡಬಹುದು.

ಜಮೀನು ಇರುವವರೆ, ನಿಮಗೆ ನೇರವಾಗಿ ಕೆಲವು ಮಾತು. ನಿಮ್ಮ ಜಮೀನಿನಲ್ಲಿ ಉಡವೋ ಕಾಡುಪಾಪವೋ ಇದೆ ಎಂದು ಗೊತ್ತಾದರೆ ಸರ್ಕಾರ ಜಮೀನು ಕಿತ್ತುಕೊಳ್ಳುತ್ತದೆ ಎಂಬ ಭಯವನ್ನು ಎಷ್ಟೋ ಕಡೆ ಕೇಳಿದ್ದೇನೆ. ಇವು 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿಗಳು ನಿಜ, ಅವನ್ನು ಕೊಲ್ಲುವುದು, ಹಿಡಿಯುವುದು ಅಪರಾಧ. ಅವು ನಿಮ್ಮ ಹೊಲದಲ್ಲಿ ಬದುಕಿವೆ ಎಂಬ ಮಾತ್ರಕ್ಕೆ ಹೊಲ ನಿಮ್ಮ ಕೈತಪ್ಪುವುದಿಲ್ಲ. ತುಮಕೂರಿನ ನಾಗವಲ್ಲಿಯಲ್ಲಿ ಕಾಡುಪಾಪ ಊರಿನ ನಡುವಿನ ಮರಗಳಲ್ಲೇ ಇದೆ, ಜನವೂ ಇದ್ದಾರೆ, ತೋಟವೂ ಇದೆ. ಅದು ಕೊಂಬೆಯಿಂದ ಕೊಂಬೆಗೆ ದಾಟುವ ಪ್ರಾಣಿ, ಜಿಗಿಯುವುದಿಲ್ಲ. ಬೇಲಿಸಾಲಿನಲ್ಲಿ ಕೊಂಬೆಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಅದಕ್ಕೆ ದಾರಿ ಇದೆ. ದಾರಿ ಅಗಲ ಮಾಡಲು ಎರಡು ಮರ ಕಡಿದರೆ ಆ ಕಡೆಯದು ಆ ಕಡೆ, ಈ ಕಡೆಯದು ಈ ಕಡೆ ಉಳಿಯುತ್ತದೆ. ಕಡಿಯುವ ಮುಂಚೆ ಒಂದು ರಾತ್ರಿ ಕೆಂಪು ಕಾಗದ ಸುತ್ತಿದ ಟಾರ್ಚ್ ಹಿಡಿದು ಬೇಲಿಯುದ್ದಕ್ಕೂ ನಡೆಯಿರಿ. ಕಾಡುಪಾಪದ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ, ಗುರುತು ಹಿಡಿಯಲು ಪದವಿ ಬೇಡ.

ಕೃಷಿ ಹೊಂಡದ ವಿಷಯ ಬಹಳ ಮುಖ್ಯ. ಕೃಷಿಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ಬಹಳವಾದವು. ರೈತರಿಗೆ ಅವು ಜೀವಜಲ. ಆದರೆ ಬಾಯಾರಿ ಇಳಿದ ಮೊಲ, ನರಿ, ಮುಂಗುಸಿ ನುಣ್ಣನೆಯ ಹಾಳೆಯ ಮೇಲೆ ಹತ್ತಲಾಗದೆ ಸುತ್ತಿ ಸುತ್ತಿ ಸಾಯುತ್ತವೆ. ಮಕ್ಕಳೂ ಸತ್ತಿದ್ದಾರೆ. ಹೊಂಡದ ಒಂದು ಮಗ್ಗುಲಿನಲ್ಲಿ ದಡಕ್ಕೆ ಗೂಟ ಹೊಡೆದು, ತೆಂಗಿನ ನಾರಿನ ಹಗ್ಗದಲ್ಲಿ ಹೆಣೆದ ಬಲೆಯನ್ನೋ ಹಳೆಯ ಗೋಣಿಚೀಲಗಳನ್ನೋ ನೀರಿನ ತಳದವರೆಗೆ ಇಳಿಬಿಟ್ಟರೆ ಬಿದ್ದದ್ದು ಹತ್ತಿ ಬರುತ್ತದೆ. ಸುತ್ತ ಬೇಲಿಯನ್ನಂತೂ ಹಾಕಲೇಬೇಕು. ಕಟ್ಟೆ ಇಲ್ಲದ ಹಳೆಯ ಬಾವಿಗೂ ಎರಡು ವರಸೆ ಕಲ್ಲು ಏರಿಸಿ.

ಸೈಟು ಮಾಡುವವರೆ, ನಕ್ಷೆ ಬರೆಸುವ ಮುಂಚೆ ಸಮೀಕ್ಷೆ ಮಾಡಿಸಿ, ನಂತರ ಅಲ್ಲ. ರಸ್ತೆ, ಸೈಟು ಎಲ್ಲ ಗುರುತಾಗಿ ಮುಂಗಡ ಹಣ ಪಡೆದ ಮೇಲೆ ನನ್ನಂಥವನನ್ನು ಕರೆದರೆ ಪಾರ್ಕಿನಲ್ಲಿ ಯಾವ ಗಿಡ ನೆಡಬೇಕು ಎಂದು ಹೇಳುವುದಷ್ಟೇ ಉಳಿದಿರುತ್ತದೆ. ನಿಯಮದ ಪ್ರಕಾರ ಉದ್ಯಾನಕ್ಕೆ, ತೆರೆದ ಜಾಗಕ್ಕೆ ನೀವು ಹೇಗೂ ನೆಲ ಬಿಡಬೇಕು. ಆ ನೆಲ ಮೂಲೆಯಲ್ಲಿ ಉಳಿದ ತುಂಡಾಗುವ ಬದಲು ಹಳ್ಳದ ಎರಡೂ ದಡ, ದೊಣೆ ಇರುವ ಹಾಸುಬಂಡೆ, ದೊಡ್ಡ ಹುತ್ತಗಳಿರುವ ದಿಬ್ಬ ಇವುಗಳ ಮೇಲೆ ಬೀಳುವಂತೆ ನಕ್ಷೆ ಬರೆಸಿದರೆ ಒಂದು ಸೈಟೂ ಕಡಿಮೆಯಾಗದೆ ಅರ್ಧ ಜೀವ ಉಳಿಯುತ್ತದೆ. ಹಳ್ಳವನ್ನು ಮುಚ್ಚಿ ಪೈಪು ಹಾಕಿದರೆ ಏನಾಗುತ್ತದೆಂದು 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಜನ ಟ್ರ್ಯಾಕ್ಟರ್ ಹತ್ತಿ ಮನೆ ಬಿಡಬೇಕಾದಾಗ ಇಡೀ ರಾಜ್ಯ ನೋಡಿದೆ. ನೀರು ಹರಿಯುವ ದಾರಿಯೇ ಪ್ರಾಣಿ ಓಡಾಡುವ ದಾರಿಯೂ ಆಗಿರುತ್ತದೆ. ಒಂದನ್ನು ಉಳಿಸಿದರೆ ಎರಡೂ ಉಳಿಯುತ್ತವೆ.

ಗೋಡೆಯ ಬದಲು ತಂತಿಬೇಲಿ ಸಾಲುತ್ತದೆಯೇ ಯೋಚಿಸಿ. ಕೆಳಗಿನ ತಂತಿಗೆ ಮುಳ್ಳು ಬೇಡ, ನೆಲದಿಂದ ಒಂದಡಿ ಎತ್ತರದಲ್ಲಿರಲಿ. ಗೋಡೆಯೇ ಬೇಕೆಂದರೆ ಹಳ್ಳ ದಾಟುವ ಕಡೆ, ಮೂಲೆಗಳಲ್ಲಿ ಕಿಂಡಿ ಬಿಡಿ. ರಸ್ತೆದೀಪದ ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮುಚ್ಚಳ ಹಾಕಿಸಿ. ಟಿಟ್ಟಿಭ ಮೊಟ್ಟೆಯಿಟ್ಟಿದ್ದು ಕಂಡರೆ ಸುತ್ತ ನಾಲ್ಕು ಕಲ್ಲಿಗೆ ಸುಣ್ಣ ಬಳಿದು, ಒಂದು ತಿಂಗಳು ಆ ಕಡೆ ಜೆಸಿಬಿ ಹೋಗದಂತೆ ಡ್ರೈವರಿಗೆ ಹೇಳಿ. ಮರಿ ಮೊಟ್ಟೆಯಿಂದ ಹೊರಬಂದ ದಿನವೇ ನಡೆಯುತ್ತದೆ, ನಿಮ್ಮ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಮೆಕ್ಸಿಕನ್ ಹುಲ್ಲು ಹಾಸಿ ಬೋರ್‌ವೆಲ್ ನೀರು ಸುರಿಯುವ ಬದಲು ಇರುವ ಹುಲ್ಲನ್ನೇ ಒಂದು ಪಾಲು ಬಿಡಿ, ವರ್ಷಕ್ಕೊಮ್ಮೆ ಬೀಜ ಉದುರಿದ ಮೇಲೆ ಊರವರಿಗೆ ಕೊಯ್ದುಕೊಳ್ಳಲು ಕೊಡಿ. ಗಿಡ ನೆಡಲೇಬೇಕಾದ ಕಡೆ ತಂಗಡಿ, ಕವಳಿ, ಬೋರೆ, ಕಕ್ಕೆ, ಕಾರೆ ನೆಡಿ. ಸುಬಾಬುಲ್ ಮಾತ್ರ ದಯವಿಟ್ಟು ಬೇಡ, ಒಮ್ಮೆ ಬಂದರೆ ಅದು ಪಕ್ಕದವರ ಜಮೀನಿಗೂ ನುಗ್ಗುತ್ತದೆ.

ಇನ್ನು ಪ್ರಾಧಿಕಾರದ ಮತ್ತು ಕಂದಾಯ ಇಲಾಖೆಯ ಹಿರಿಯರಲ್ಲಿ ನನ್ನ ಬೇಡಿಕೆ. ಬಯಲುಸೀಮೆಯ ಯಾವ ಯೋಜನೆಯೇ ಇರಲಿ, ಸಸ್ಯ ಮತ್ತು ಪ್ರಾಣಿಗಳ ಮಾಹಿತಿಗೆ ಮಳೆಗಾಲದ ಸಮೀಕ್ಷೆಯನ್ನು ಕಡ್ಡಾಯ ಮಾಡಿ. ಅದಕ್ಕೆ ಕೇಂದ್ರದ ತಿದ್ದುಪಡಿ ಕಾಯಬೇಕಾಗಿಲ್ಲ, ಹೆಚ್ಚುವರಿ ಅಧ್ಯಯನ ಕೇಳುವ ಅಧಿಕಾರ ನಿಮಗಿದೆ. ಪ್ರತಿ ಪ್ರಾಣಿಪಟ್ಟಿಯ ಜೊತೆ ನೋಡಿದ ದಿನಾಂಕ, ಹೊತ್ತು, ಜಾಗದ ಗುರುತು, ನೋಡಿದವರ ಹೆಸರು ಇಲ್ಲದಿದ್ದರೆ ವರದಿಯನ್ನು ಹಿಂದಕ್ಕೆ ಕಳಿಸಿ. ಇಷ್ಟು ಮಾಡಿದರೇ ಎತ್ತಿ ಅಂಟಿಸುವ ಪಟ್ಟಿಗಳು ಬಹುಮಟ್ಟಿಗೆ ನಿಲ್ಲುತ್ತವೆ. ಸಮೀಕ್ಷೆಯ ಹಣ ಡೆವಲಪರ್ ಕೈಯಿಂದ ನೇರವಾಗಿ ಸಮೀಕ್ಷಕನ ಕೈಗೆ ಹೋಗುವುದೂ ಸರಿಯಲ್ಲ. ಹಣ ನಿಮ್ಮಲ್ಲಿ ಠೇವಣಿಯಾಗಲಿ, ಸಮೀಕ್ಷಕನನ್ನು ನೀವು ನೇಮಿಸಿ. ನನಗೂ ಅದರಿಂದ ಮರ್ಯಾದೆಯ ಕೆಲಸ ಸಿಗುತ್ತದೆ.

ಸಣ್ಣ ಬಡಾವಣೆಗಳ ವಿಷಯದಲ್ಲಿ ಹೊಸ ಕಾನೂನು ಬೇಕೆಂದು ನಾನು ಕೇಳುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ದೇವನಹಳ್ಳಿಯ ನಲ್ಲೂರು ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯ ಬಲದಿಂದ. ಹಸಿರು ನ್ಯಾಯಮಂಡಳಿ 2020ರ ಜನವರಿ ಗಡುವು ಹಾಕಿದ್ದರಿಂದ ಅನೇಕ ಕಡೆ ದಾಖಲಾತಿಗಳು ಅವಸರದಲ್ಲಿ ತಯಾರಾದವು. ಅವನ್ನು ಅರ್ಧಂಬರ್ಧ ಎಂದು ಕಪಾಟಿನಲ್ಲಿಡುವ ಬದಲು ಬಳಸಲು ಶುರುಮಾಡಿದರೆ ತಾವಾಗಿ ಸುಧಾರಿಸುತ್ತವೆ. ಭೂಪರಿವರ್ತನೆಯ ಅರ್ಜಿ ಬಂದಾಗ ಆ ಸರ್ವೆ ನಂಬರಿನ ಬಗ್ಗೆ ದಾಖಲಾತಿಯಲ್ಲಿ ಏನಿದೆ ಎಂದು ಸಮಿತಿಯಿಂದ ಒಂದು ಪುಟದ ಟಿಪ್ಪಣಿ ತರಿಸಿಕೊಳ್ಳಿ. ಆ ಟಿಪ್ಪಣಿ ಕನ್ನಡದಲ್ಲಿರಲಿ, ಪಂಚಾಯತಿ ಕಚೇರಿಯ ಗೋಡೆಗೆ ಅಂಟಿಸಿರಲಿ, ಸಮಿತಿಯಲ್ಲಿ ಕುರಿಗಾಹಿಯೊಬ್ಬರಾದರೂ ಇರಲಿ.

ಒಳ್ಳೆಯದು ಆಗುತ್ತಿಲ್ಲ ಎಂದೇನಿಲ್ಲ. ಹೆಸರಘಟ್ಟದ ಸುಮಾರು ಐದು ಸಾವಿರ ಎಕರೆಯ ಹುಲ್ಲುಗಾವಲನ್ನು ಮೀಸಲು ಮಾಡುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿತ್ತು. ಅದೇ ಮಂಡಳಿ ಮುಂದೆ ಒಪ್ಪಿತು. ಅಲ್ಲಿ ವರ್ಷಗಟ್ಟಲೆ ಪ್ರತಿ ಋತುವಿನಲ್ಲೂ ಹೋಗಿ ಹಕ್ಕಿ, ಚಿಟ್ಟೆ, ಹುಲ್ಲು ದಾಖಲಿಸಿದವರ ಪುಸ್ತಕಗಳು, ಫೋಟೊಗಳು ಇದ್ದವು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಧಾಮ ಆಗಿದೆ. ಇವೆರಡೂ ಸರ್ಕಾರಿ ನೆಲದಲ್ಲಿ ಆದದ್ದು. ಖಾಸಗಿ ನೆಲದಲ್ಲಿ ಆಗಬೇಕಾದದ್ದು ನಿಮ್ಮ ಸಹಿಯಿಂದ ಮತ್ತು ಜಮೀನುದಾರರ ಮನಸ್ಸಿನಿಂದ ಆಗಬೇಕು.

ಮುಂಗಾರಿಗೆ ಮುಂಚೆ ನಿಮ್ಮ ಮುಂದೆ ಬರುವ ಬಯಲುಸೀಮೆಯ ಕಡತಗಳಲ್ಲಿ ಒಂದನ್ನಾದರೂ, ಮಳೆಗಾಲದ ಸಮೀಕ್ಷೆ ಆಗುವವರೆಗೆ ಬಾಕಿ ಇಡಿ ಎಂದು ಕೇಳುತ್ತಿದ್ದೇನೆ. ಆ ಸಮೀಕ್ಷೆಗೆ ಪ್ರಾಧಿಕಾರದ ಸದಸ್ಯರೊಬ್ಬರು ಖುದ್ದಾಗಿ ಬರಲಿ. ಪಹಣಿ, ಸರ್ವೆ ನಕ್ಷೆ, ಟಾರ್ಚ್, ಗಂಬೂಟು ನಾವು ತರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಬಯಲುಸೀಮೆಯ ಒಬ್ಬ ಸಮೀಕ್ಷಕ